ಫೀಸಿನ ದುಡ್ಡು ಈಗ ನಮ್ಮ ಖಾತೆಗೆ ಬರುತ್ತದೆ, ಕಾಲೇಜು ಮಾತ್ರ ಮೊದಲೇ ಕಟ್ಟಿ ಅನ್ನುತ್ತದೆ: ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಬಗ್ಗೆ ಮಾತಾಡೋಣ

ಚಾಮರಾಜನಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು 2014ರಲ್ಲಿ ಇಂಜಿನಿಯರಿಂಗ್ ಸೇರಿದೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನಾನೇ. ಅಪ್ಪ ಕರಿಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುತ್ತಾರೆ, ಅಮ್ಮ ಕೂಲಿಗೆ ಹೋಗುತ್ತಾರೆ. ಆ ನಾಲ್ಕು ವರ್ಷ ಫೀಸಿನ ಮಾತು ಮನೆಯಲ್ಲಿ ಬರಲೇ ಇಲ್ಲ. ನಾವು ಪರಿಶಿಷ್ಟ ಜಾತಿಯವರು. ಎಸ್ಸೆಸ್ಸೆಲ್ಸಿ ಆದ ಮೇಲೆ ಓದುವವರಿಗೆ ಸರ್ಕಾರ ಕೊಡುವ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್‌ಗೆ ಜಾತಿ ಮತ್ತು ಆದಾಯದ ಸರ್ಟಿಫಿಕೇಟು ಕೊಟ್ಟೆವು. ಕಾಲೇಜಿನವರು ಪಟ್ಟಿ ಕಳಿಸಿದರು. ದುಡ್ಡು ಸರ್ಕಾರದಿಂದ ನೇರ ಕಾಲೇಜಿಗೆ ಹೋಗುತ್ತಿತ್ತು. ಯಾವಾಗ ಹೋಯಿತು, ಎಷ್ಟು ಹೋಯಿತು ಅನ್ನುವುದು ನನಗೆ ಗೊತ್ತೇ ಆಗುತ್ತಿರಲಿಲ್ಲ. ನನ್ನ ಕೈಗೆ ಬರುತ್ತಿದ್ದದ್ದು ಭತ್ಯೆ ಮಾತ್ರ.

ಈಗ ತಮ್ಮ ಓದುತ್ತಿದ್ದಾನೆ. ಸಿಇಟಿಯಲ್ಲಿ ಸೀಟು ತೆಗೆದುಕೊಂಡು ಒಂದು ಖಾಸಗಿ ಕಾಲೇಜಿಗೆ ಸೇರಿದ್ದಾನೆ. ಈಗ ಮೂರನೇ ವರ್ಷ. ಈಗಿನ ನಿಯಮದಲ್ಲಿ ಫೀಸಿನ ದುಡ್ಡು ಅವನ ಖಾತೆಗೇ ಬರುತ್ತದೆ, ಅವನೇ ಕಾಲೇಜಿಗೆ ಕಟ್ಟಬೇಕು. ಕೇಳಲು ಚೆನ್ನಾಗಿದೆ. ಆದರೆ ದುಡ್ಡು ಬರುವ ಹೊತ್ತಿಗೆ ವರ್ಷವೇ ಮುಗಿದಿರುತ್ತದೆ. ಕಾಲೇಜಿನವರು ಜುಲೈನಲ್ಲೇ ಕೇಳುತ್ತಾರೆ. "ನೀವು ಕಟ್ಟಿ, ಸ್ಕಾಲರ್‌ಶಿಪ್ ಬಂದಾಗ ನೀವೇ ಇಟ್ಟುಕೊಳ್ಳಿ" ಅನ್ನುತ್ತಾರೆ. ಕಟ್ಟಲು ಇದ್ದಿದ್ದರೆ ಸ್ಕಾಲರ್‌ಶಿಪ್‌ಗೆ ಯಾಕೆ ಅರ್ಜಿ ಹಾಕುತ್ತಿದ್ದೆವು? ಹೋದ ವರ್ಷ ಅಮ್ಮನ ಓಲೆ ಅಡವಿಟ್ಟು ಕಟ್ಟಿದೆವು. ಈ ವರ್ಷ ಅಡವಿಡಲು ಏನೂ ಉಳಿದಿಲ್ಲ. ಫೀಸು ಕಟ್ಟದಿದ್ದರೆ ಹಾಲ್ ಟಿಕೆಟ್ ಕೊಡುವುದಿಲ್ಲ ಅಂತ ಅವನಿಗೆ ಹೇಳಿದ್ದಾರೆ.

ಇನ್ನೊಂದು ಕಷ್ಟ. ಅವನ ಆದಾಯದ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು. ಹೊಸದು ಮಾಡಿಸಲು ಹೋದರೆ ನನ್ನ ಸಂಬಳವನ್ನೂ ಸೇರಿಸಿ ಬರೆದುಬಿಟ್ಟಿದ್ದಾರೆ. ಈಗ ಮನೆಯ ಆದಾಯ ಈ ಸ್ಕಾಲರ್‌ಶಿಪ್‌ಗೆ ಇರುವ ಎರಡೂವರೆ ಲಕ್ಷದ ಮಿತಿ ದಾಟಿದೆ. ಹಾಗಾದರೆ ತಮ್ಮನಿಗೆ ಈ ವರ್ಷ ಏನೂ ಬರುವುದಿಲ್ಲವಾ? ನಾನು ಕೆಲಸಕ್ಕೆ ಸೇರಿದ್ದೇ ಅವನಿಗೆ ಮುಳುವಾಯಿತಾ?

ಗೊತ್ತಿರುವವರು ದಯವಿಟ್ಟು ಹೇಳಿ. ನಿಮ್ಮ ಮನೆಯಲ್ಲಿ ಏನಾಯಿತು ಅದನ್ನೂ ಬರೆಯಿರಿ.

ಕಾಲೇಜು ಆಫೀಸಿನವನು

ನಾನು ಒಂದು ಅನುದಾನಿತ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ವಿಭಾಗ ನೋಡಿಕೊಳ್ಳುತ್ತೇನೆ. ಹನ್ನೊಂದು ವರ್ಷವಾಯಿತು. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ಅದು ಬೇಗ ಸರಿಹೋಗುತ್ತದೆ.

ಅಕ್ಕ, ನಿಮ್ಮ ಸಂಬಳ ಲೆಕ್ಕಕ್ಕೆ ಬರುವುದಿಲ್ಲ. ತಂದೆ ತಾಯಿಯಲ್ಲಿ ಒಬ್ಬರು ಬದುಕಿದ್ದರೂ ಅವರ ಆದಾಯ ಮಾತ್ರ ನೋಡಬೇಕು, ಮನೆಯಲ್ಲಿ ಬೇರೆಯವರು ದುಡಿಯುತ್ತಿದ್ದರೂ ಅದನ್ನು ಸೇರಿಸಬಾರದು. ಈ ಸ್ಕೀಮಿನ ನಿಯಮದಲ್ಲೇ ಇದು ಇದೆ. ನಾಡಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುವಾಗ "ಕುಟುಂಬದ ಆದಾಯ" ಅಂತ ಕೇಳುತ್ತಾರೆ. ರೇಷನ್ ಕಾರ್ಡಿನಲ್ಲಿ ನಿಮ್ಮ ಹೆಸರೂ ಇರುವುದರಿಂದ ಸೇರಿಸಿರುತ್ತಾರೆ. ತಹಶೀಲ್ದಾರರಿಗೆ ಒಂದು ಅರ್ಜಿ ಬರೆದು, ಸ್ಕಾಲರ್‌ಶಿಪ್‌ಗೆ ಅಂತ ಸ್ಪಷ್ಟವಾಗಿ ನಮೂದಿಸಿ, ತಂದೆ ತಾಯಿಯ ಆದಾಯ ಮಾತ್ರ ಹಾಕಿಸಿಕೊಡಿ ಅಂತ ಕೇಳಿ. ಹೊಸ ಆರ್‌ಡಿ ನಂಬರ್, ಅಂದರೆ ಸರ್ಟಿಫಿಕೇಟಿನ ಮೇಲಿರುವ ನಂಬರ್, ಬರುತ್ತದೆ. ಅದನ್ನೇ ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ಅರ್ಜಿ ಹಾಕುವ ವೆಬ್‌ಸೈಟ್) ಹಾಕಿ. ಹಳೇ ನಂಬರ್ ಹಾಕಿಬಿಟ್ಟರೆ ಅರ್ಜಿ ತಿರಸ್ಕಾರ ಆಗುತ್ತದೆ, ಜೋಪಾನ.

ಇನ್ನು ಫೀಸಿನ ವಿಷಯ. 2021ರಲ್ಲಿ ಬಂದ ಹೊಸ ಮಾರ್ಗಸೂಚಿಯಲ್ಲಿ ಎರಡು ದೊಡ್ಡ ಬದಲಾವಣೆ ಇವೆ. ಒಂದು, ಕೇಂದ್ರದ ಪಾಲು ಆಧಾರ್ ಮೂಲಕ ನೇರ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಎರಡು, ರಾಜ್ಯ ತನ್ನ ಪಾಲು ಕೊಟ್ಟ ಮೇಲೆಯೇ ಕೇಂದ್ರ ತನ್ನದನ್ನು ಬಿಡುತ್ತದೆ. ಹಾಗಾಗಿ ಒಂದೇ ಫೀಸು ಎರಡು ಸಲ ಬರುತ್ತದೆ. ಮೊದಲು ರಾಜ್ಯದ ನೂರಕ್ಕೆ 40 ಭಾಗ, ಆಮೇಲೆ ಯಾವಾಗಲೋ ಕೇಂದ್ರದ 60 ಭಾಗ.

ಅದೇ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಅಂತ ಒಂದಿದೆ. ಅರ್ಹ ವಿದ್ಯಾರ್ಥಿಯಿಂದ ಸೇರುವಾಗ ಬೋಧನಾ ಶುಲ್ಕ, ಹಾಸ್ಟೆಲ್ ಶುಲ್ಕ ಮುಂಗಡವಾಗಿ ಕೇಳದೆ ಸೇರಿಸಿಕೊಳ್ಳಬೇಕು, ದುಡ್ಡು ಖಾತೆಗೆ ಬಂದ ಮೇಲೆ ವಿದ್ಯಾರ್ಥಿ ಕಟ್ಟಬೇಕು ಅನ್ನುವುದು ಅದರ ಉದ್ದೇಶ. ಎಷ್ಟೋ ಮಕ್ಕಳಿಗೆ ಇದರ ಹೆಸರೇ ಗೊತ್ತಿಲ್ಲ. ನೀವು ಬರೆದದ್ದು ನೋಡಿದರೆ ನಿಮಗೂ ಯಾರೂ ಹೇಳಿಲ್ಲ ಅನ್ನಿಸುತ್ತದೆ. ಪ್ರಿನ್ಸಿಪಾಲರಿಗೆ ಲಿಖಿತವಾಗಿ ಅರ್ಜಿ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಇನ್ನೊಂದು ಪ್ರತಿಯನ್ನು ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಗೆ ಕೊಡಿ. ಬರೀ ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನಲ್ಲೇ ಇಲ್ಲ ಅನ್ನುತ್ತಾರೆ.

ಒಂದು ಖಚಿತ ಮಾಡಿಕೊಳ್ಳಿ: ತಮ್ಮನದು ಸಿಇಟಿ ಸೀಟೇ ತಾನೇ? ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಈ ಸ್ಕೀಮಿನಲ್ಲಿ ಫೀಸು ಸಿಗುವುದಿಲ್ಲ. 2018ರ ಮಾರ್ಗಸೂಚಿಯಿಂದಲೇ ಅದು ನಿಂತಿದೆ.

ಚಾಮರಾಜನಗರದ ಅಕ್ಕ

ಸಿಇಟಿ ಸೀಟೇ ಸರ್, ಅಲಾಟ್‌ಮೆಂಟ್ ಪತ್ರ ಇದೆ. ನನ್ನ ಸಂಬಳ ಸೇರಿಸಬಾರದು ಅಂತ ಓದಿದಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇಷ್ಟು ದಿನ ನನ್ನಿಂದಲೇ ಅವನಿಗೆ ತೊಂದರೆ ಆಯಿತು ಅಂದುಕೊಂಡಿದ್ದೆ. ಸೋಮವಾರ ರಜೆ ಹಾಕಿ ಊರಿಗೆ ಹೋಗುತ್ತೇನೆ.

ನರ್ಸಿಂಗ್ ಎರಡನೇ ವರ್ಷ

ಅಕ್ಕ, ನನ್ನ ಕಥೆ ಕೇಳಿ. ಹೋದ ವರ್ಷ ಎಸ್‌ಎಸ್‌ಪಿಯಲ್ಲಿ "ಹಣ ಜಮಾ ಆಗಿದೆ" ಅಂತ ತೋರಿಸುತ್ತಿತ್ತು. ನನ್ನ ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿಯೂ ಇಲ್ಲ. ಬ್ಯಾಂಕಿಗೆ ನಾಲ್ಕು ಸಲ ಹೋದೆ. ಕಾಲೇಜಿನವರು ನಾನು ದುಡ್ಡು ಖರ್ಚು ಮಾಡಿಕೊಂಡು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡರು. ಕ್ಲಾಸಿನಲ್ಲಿ ಎಲ್ಲರ ಮುಂದೆ ಎದ್ದು ನಿಲ್ಲಿಸಿ ಕೇಳಿದರು. ಆವತ್ತು ಊಟ ಸೇರಲಿಲ್ಲ.

ಆಮೇಲೆ ಸೀನಿಯರ್ ಒಬ್ಬರು ಹೇಳಿದರು: ನೀವು ಅರ್ಜಿಯಲ್ಲಿ ಯಾವ ಖಾತೆ ಬರೆದಿದ್ದೀರಿ ಅನ್ನುವುದು ಮುಖ್ಯವಲ್ಲ, ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ದುಡ್ಡು ಹೋಗುತ್ತದೆ. ನೋಡಿದರೆ ಪಿಯುಸಿಯಲ್ಲಿದ್ದಾಗ ಹೊಸ ಸಿಮ್ ತೆಗೆದುಕೊಂಡ ಅಂಗಡಿಯಲ್ಲಿ ಬೆರಳು ಒತ್ತಿಸಿಕೊಂಡು ಒಂದು ಖಾತೆ ತೆರೆದಿದ್ದರು. ದುಡ್ಡು ಅಲ್ಲಿ ಕೂತಿತ್ತು! ಆ ನಂಬರ್ ನನ್ನ ಹತ್ತಿರ ಇರಲಿಲ್ಲ, ಸಿಮ್ ಕಳೆದುಹೋಗಿತ್ತು. ಅದನ್ನು ಹೊರಗೆ ತೆಗೆಯಲು ಎರಡು ತಿಂಗಳು ಹಿಡಿಯಿತು.

ಅದಕ್ಕೇ ಎಲ್ಲರೂ ಅರ್ಜಿ ಹಾಕುವ ಮೊದಲು ಆಧಾರ್ ವೆಬ್‌ಸೈಟಿಗೆ ಹೋಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ. ಆಧಾರಿನಲ್ಲಿರುವ ಹೆಸರು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿರುವ ಹೆಸರು ಒಂದೇ ತರ ಇದೆಯಾ ಅಂತಲೂ ನೋಡಿ. ನನ್ನ ಗೆಳತಿಯದು ಬರೀ ಇನಿಷಿಯಲ್ ಹಿಂದೆ ಮುಂದೆ ಆಗಿ ಅರ್ಜಿ ನಿಂತುಬಿಟ್ಟಿತ್ತು.

ರಾಯಚೂರು ಮೇಷ್ಟ್ರು

ನಾನು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಈ ಬದಲಾವಣೆ ಯಾಕೆ ಬಂತು ಅನ್ನುವುದು ಗೊತ್ತಿದ್ದರೆ ಮುಂದೆ ಏನು ಕೇಳಬೇಕು ಅನ್ನುವುದೂ ಗೊತ್ತಾಗುತ್ತದೆ, ಅದಕ್ಕೆ ಸ್ವಲ್ಪ ಹಿಂದಿನದು ಹೇಳುತ್ತೇನೆ.

ಈ ಸ್ಕಾಲರ್‌ಶಿಪ್ ಶುರುವಾದದ್ದು 1944ರಲ್ಲಿ. ಸ್ವಾತಂತ್ರ್ಯಕ್ಕಿಂತ ಮೊದಲು. ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಸದಸ್ಯರಾಗಿದ್ದ ಕಾಲ ಅದು. ಇಷ್ಟು ಹಳೆಯ ಸ್ಕೀಮು ನಮ್ಮಲ್ಲಿ ಬೇರೆ ಎಷ್ಟಿವೆ ಹೇಳಿ.

ಹಣದ ಲೆಕ್ಕ ಮೊದಲು ಬೇರೆ ತರ ಇತ್ತು. ಒಂದು ಪಂಚವಾರ್ಷಿಕ ಯೋಜನೆಯ ಕೊನೆಯ ವರ್ಷ ರಾಜ್ಯಕ್ಕೆ ಎಷ್ಟು ಖರ್ಚು ಬಂದಿತ್ತೋ ಅಷ್ಟನ್ನು ಮುಂದೆ ಪ್ರತಿವರ್ಷ ರಾಜ್ಯವೇ ಹೊರಬೇಕು. ಅದಕ್ಕಿಂತ ಮೇಲೆ ಬಂದದ್ದನ್ನು ಮಾತ್ರ ಕೇಂದ್ರ ಕೊಡುತ್ತಿತ್ತು. 12ನೇ ಯೋಜನೆ 2017ರ ಮಾರ್ಚಿಗೆ ಮುಗಿಯಿತು. ಆಗ ರಾಜ್ಯಗಳ ಮೇಲಿನ ಹೊರೆ ಒಂದೇ ಸಲ ಏರಿತು, ಕೇಂದ್ರದ ಪಾಲು ಕುಸಿಯಿತು. 2017-18ರಿಂದ 2019-20ರ ತನಕ ಕೇಂದ್ರ ಕೊಟ್ಟದ್ದು ವರ್ಷಕ್ಕೆ ಸುಮಾರು 1,100 ಕೋಟಿ, ಅದೂ ಇಡೀ ದೇಶಕ್ಕೆ. ಆ ವರ್ಷಗಳಲ್ಲಿ ಓದಿದ ಮಕ್ಕಳು ಎಷ್ಟು ಕಾದಿದ್ದಾರೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

2020ರ ಡಿಸೆಂಬರ್ 23ರಂದು ಕೇಂದ್ರ ಸಂಪುಟ ಆ ಲೆಕ್ಕ ಬಿಟ್ಟು 60:40 ಮಾಡಿತು. ಐದು ವರ್ಷಕ್ಕೆ ಒಟ್ಟು 59,048 ಕೋಟಿ, ಅದರಲ್ಲಿ ಕೇಂದ್ರದ್ದು 35,534 ಕೋಟಿ. ನಾಲ್ಕು ಕೋಟಿಗೂ ಹೆಚ್ಚು ಮಕ್ಕಳಿಗೆ ಅಂತ ಹೇಳಿದರು. ಹತ್ತನೇ ಕ್ಲಾಸಿನ ನಂತರ ಓದು ಬಿಡುತ್ತಿರುವ 1.36 ಕೋಟಿ ಬಡ ಮಕ್ಕಳನ್ನು ಕಾಲೇಜಿಗೆ ತರುತ್ತೇವೆ ಅಂದರು. ಇದು ದೊಡ್ಡ ಹೆಜ್ಜೆ, ನಾನು ಆಗಲೂ ಹಾಗೇ ಹೇಳಿದ್ದೆ, ಈಗಲೂ ಹಾಗೇ ಹೇಳುತ್ತೇನೆ. ಪಾಲು ಇಷ್ಟೇ ಅಂತ ನಿಗದಿ ಆದದ್ದು ಒಳ್ಳೆಯದೇ ಆಯಿತು.

ಆದರೆ ಭತ್ಯೆ ನೋಡಿ. ಭತ್ಯೆಗೆ ಕೋರ್ಸುಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ನಮ್ಮ ಪಿಯುಸಿ ಮಕ್ಕಳು ನಾಲ್ಕನೇ ಗುಂಪು. ಮನೆಯಿಂದ ಬಂದು ಹೋಗುವವರಿಗೆ ವರ್ಷಕ್ಕೆ 2,500 ರೂಪಾಯಿ. ತಿಂಗಳಿಗೆ 208. ನಮ್ಮ ಕಾಲೇಜಿಗೆ ಹದಿನೆಂಟು ಕಿಲೋಮೀಟರ್ ದೂರದಿಂದ ಮಕ್ಕಳು ಬರುತ್ತಾರೆ. ಹುಡುಗರಿಗೆ ಬಸ್ ಪಾಸು, ಒಂದು ನೋಟ್ ಪುಸ್ತಕ, ಅಲ್ಲಿಗೆ ಮುಗಿಯಿತು.

ಬಿಎ, ಬಿಕಾಂ, ಬಿಎಸ್ಸಿ ಮಕ್ಕಳು ಮೂರನೇ ಗುಂಪು. ಹಿಂದೆ ಅವರಿಗೆ ತಿಂಗಳಿಗೆ 300 ಇತ್ತು. ಹತ್ತು ತಿಂಗಳಿಗೆ 3,000. ಹೊಸ ನಿಯಮದಲ್ಲಿ ಎಷ್ಟು? ವರ್ಷಕ್ಕೆ 3,000. ಹತ್ತು ವರ್ಷ ಕಳೆದ ಮೇಲೆ ಒಂದು ರೂಪಾಯಿಯೂ ಏರಲಿಲ್ಲ. ಇಂಜಿನಿಯರಿಂಗ್, ಮೆಡಿಕಲ್ ಹಾಸ್ಟೆಲ್ ಮಕ್ಕಳಿಗೆ 13,500 ಆಯಿತು, ಸಂತೋಷ. ಆದರೆ ಹಳ್ಳಿಯ ಹೆಚ್ಚಿನ ಮಕ್ಕಳು ಸೇರುವುದು ಬಿಎಗೆ, ಬಿಕಾಂಗೆ. ಅವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಅನ್ನುವುದು ನನಗೆ ತುಂಬಾ ನೋವಿನ ವಿಷಯ.

ಟೆಂಪೊ ಓಡಿಸುವ ಅಪ್ಪ

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ನನಗೆ ಬರೆಯಲು ಅಷ್ಟು ಬರುವುದಿಲ್ಲ, ಮಗಳ ಕೈಲಿ ಟೈಪ್ ಮಾಡಿಸುತ್ತಿದ್ದೇನೆ.

ಆದಾಯ ಎರಡೂವರೆ ಲಕ್ಷ ದಾಟಬಾರದು ಅಂತಾರಲ್ಲ, ಅದನ್ನು ಸ್ವಲ್ಪ ಕೂತು ಲೆಕ್ಕ ಹಾಕಿ. ಗಂಡ ಹೆಂಡತಿ ಇಬ್ಬರೂ ದಿನಕ್ಕೆ 400 ರೂಪಾಯಿ ದುಡಿದರು ಅಂದುಕೊಳ್ಳಿ. ತಿಂಗಳಿಗೆ 26 ದಿನ ಕೆಲಸ. ವರ್ಷಕ್ಕೆ ಇಬ್ಬರದೂ ಸೇರಿ 2,49,600. ಅಂದರೆ ಅಂಚಿನಲ್ಲಿದ್ದೀರಿ. ಮೇಸ್ತ್ರಿ ಒಂದು ದಿನ ಓವರ್‌ಟೈಮ್ ಕೊಟ್ಟರೆ ದಾಟಿಬಿಟ್ಟಿರಿ.

ನಾನು ಟೆಂಪೊ ಓಡಿಸುತ್ತೇನೆ, ಬಾಡಿಗೆ ಗಾಡಿ. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಅವಳಿಗೆ ಪಿಎಫ್ ಇದೆ, ಸಂಬಳದ ಚೀಟಿ ಇದೆ, ಮುಚ್ಚಿಡಲು ಆಗುವುದಿಲ್ಲ, ಮುಚ್ಚಿಡುವುದೂ ಬೇಡ. ನಮ್ಮಿಬ್ಬರದೂ ಸೇರಿ ಮೂರು ಲಕ್ಷದ ಹತ್ತಿರ ಆಗುತ್ತದೆ. ಅದರಲ್ಲಿ ಮನೆ ಬಾಡಿಗೆ, ನಮ್ಮ ತಾಯಿಯ ಔಷಧಿ, ಇಬ್ಬರು ಮಕ್ಕಳು. ಮಗಳಿಗೆ ಏನೂ ಬರಲಿಲ್ಲ. ನಮಗಿಂತ ಜಾಸ್ತಿ ಸಂಪಾದನೆ ಇರುವ, ಚೀಟಿ ಇಲ್ಲದ ಮನೆಯವರಿಗೆ ಬಂತು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರ ಮಕ್ಕಳೂ ಓದಲಿ. ಆದರೆ ನೆಟ್ಟಗೆ ಲೆಕ್ಕ ಕೊಟ್ಟವರಿಗೆ ಯಾಕೆ ಈ ಶಿಕ್ಷೆ?

ರಾಯಚೂರು ಮೇಷ್ಟ್ರು

ಅಣ್ಣಾ, ನಿಮ್ಮ ಲೆಕ್ಕ ಸರಿಯಾಗಿದೆ. ಈ 2.5 ಲಕ್ಷ 2013ರಲ್ಲಿ ಆದದ್ದು. ಅದೇ ವರ್ಷ ಹಿಂದುಳಿದ ವರ್ಗಗಳ ಕೆನೆಪದರ ಮಿತಿ, ಅಂದರೆ ಅದನ್ನು ದಾಟಿದವರಿಗೆ ಮೀಸಲಾತಿ ಇಲ್ಲ ಅನ್ನುವ ಆದಾಯದ ಮಿತಿ, 6 ಲಕ್ಷ ಆಗಿತ್ತು. 2017ರಲ್ಲಿ ಅದು 8 ಲಕ್ಷಕ್ಕೆ ಏರಿತು. ವಿದೇಶಕ್ಕೆ ಓದಲು ಹೋಗುವ ಪರಿಶಿಷ್ಟ ಜಾತಿ ಮಕ್ಕಳಿಗೆ ಕೇಂದ್ರ ಕೊಡುವ ಸ್ಕಾಲರ್‌ಶಿಪ್‌ಗೂ ಮಿತಿ 8 ಲಕ್ಷ. ದೊಡ್ಡ ಸಂಸ್ಥೆಗಳಲ್ಲಿ ಓದುವವರ ಟಾಪ್ ಕ್ಲಾಸ್ ಸ್ಕೀಮಿಗೂ 8 ಲಕ್ಷ. ನಮ್ಮೂರ ಕಾಲೇಜಿಗೆ ಹೋಗುವ ಮಗುವಿಗೆ ಮಾತ್ರ 2.5 ಲಕ್ಷ. 2021ರಲ್ಲಿ ಇಷ್ಟೆಲ್ಲಾ ಬದಲಾಯಿಸಿದವರು ಇದನ್ನು ಮುಟ್ಟಲೇ ಇಲ್ಲ.

ಖಾತೆಗೇ ಬರಲಿ ಅನ್ನುವವನು

ಎಲ್ಲರೂ ಹಳೇ ಪದ್ಧತಿಯೇ ಚೆನ್ನಾಗಿತ್ತು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನನ್ನದು ಬೇರೆ ಮಾತು, ಬೇಸರ ಮಾಡಿಕೊಳ್ಳಬೇಡಿ.

ನಾನು ಡಿಪ್ಲೊಮಾ ಓದುವಾಗ ದುಡ್ಡು ಕಾಲೇಜಿಗೇ ಬರುತ್ತಿತ್ತು. ಆದರೂ ನಮ್ಮ ಕೈಯಿಂದ ಫೀಸು ಕಟ್ಟಿಸಿಕೊಂಡಿದ್ದರು. "ಸ್ಕಾಲರ್‌ಶಿಪ್ ಬಂದ ಮೇಲೆ ವಾಪಸ್ ಕೊಡುತ್ತೇವೆ" ಅಂದರು. ಬಂತಾ ಅಂತ ಕೇಳಿದಾಗಲೆಲ್ಲ ಇಲ್ಲ ಅಂದರು. ಆಮೇಲೆ ಇಲಾಖೆಯಲ್ಲಿ ವಿಚಾರಿಸಿದರೆ ಎಂಟು ತಿಂಗಳ ಹಿಂದೆಯೇ ಕಳಿಸಿದ್ದೇವೆ ಅಂತ ಗೊತ್ತಾಯಿತು. ಕೊನೆಗೂ ನನಗೆ ಪೂರ್ತಿ ವಾಪಸ್ ಬರಲಿಲ್ಲ. ಆಗ ನಮ್ಮ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ, ಕೇಳಲು ಧೈರ್ಯವೂ ಇರಲಿಲ್ಲ.

ಈಗ ಮೊಬೈಲಿಗೆ ಮೆಸೇಜ್ ಬರುತ್ತದೆ. ಎಷ್ಟು ಬಂತು, ಯಾವತ್ತು ಬಂತು ಅನ್ನುವುದು ಮಗುವಿಗೇ ಗೊತ್ತಾಗುತ್ತದೆ. ಇದು ಸಣ್ಣ ವಿಷಯವಲ್ಲ. ದುಡ್ಡು ನಮ್ಮ ಹೆಸರಿಗೆ ಬರಲಿ. ಬೇಗ ಬರಲಿ ಅಂತ ಕೇಳೋಣ. ಹಳೇ ಪದ್ಧತಿ ವಾಪಸ್ ತನ್ನಿ ಅಂತ ದಯವಿಟ್ಟು ಕೇಳಬೇಡಿ.

ಚಾಮರಾಜನಗರದ ಅಕ್ಕ

ನೀವು ಹೇಳಿದ್ದು ಓದಿ ಯೋಚನೆಗೆ ಬಿದ್ದೆ. ನನ್ನ ಕಾಲೇಜು ಒಳ್ಳೆಯದಿತ್ತು, ಅದಕ್ಕೇ ನನಗೆ ಹಳೇ ಪದ್ಧತಿ ಚೆನ್ನಾಗಿ ಕಂಡಿತು. ನಿಮ್ಮದು ಹಾಗಿರಲಿಲ್ಲ. ಹಾಗಾದರೆ ಖಾತೆಗೆ ಬರುವುದರಲ್ಲಿ ತಪ್ಪಿಲ್ಲ, ಬರುವ ಹೊತ್ತು ತಪ್ಪಾಗಿದೆ. ತರಗತಿ ಶುರುವಾದ ಎರಡು ತಿಂಗಳೊಳಗೆ ಬಂದರೆ ಯಾರ ಮನೆಯಲ್ಲೂ ಓಲೆ ಅಡವಿಡುವ ಕಷ್ಟ ಬರುವುದಿಲ್ಲ, ಅಲ್ವಾ?

ಕಾಲೇಜು ಆಫೀಸಿನವನು

ಇಬ್ಬರದೂ ಸರಿ. ಕಾಲೇಜಿನ ಕಡೆಯಿಂದಲೂ ಒಂದು ಮಾತು ಹೇಳಬೇಕು. ನಮ್ಮಂಥ ಸಣ್ಣ ಕಾಲೇಜಿನಲ್ಲಿ ಅನುದಾನ ಇಲ್ಲದ ಹುದ್ದೆಗಳಲ್ಲಿರುವ ಲೆಕ್ಚರರ್‌ಗಳಿಗೆ ಫೀಸಿನ ದುಡ್ಡಿನಲ್ಲೇ ಸಂಬಳ ಆಗಬೇಕು. ಅರ್ಧದಷ್ಟು ಮಕ್ಕಳ ಫೀಸು ವರ್ಷಾನುಗಟ್ಟಲೆ ಬರದಿದ್ದರೆ ಸಂಬಳ ನಿಲ್ಲುತ್ತದೆ. ದುಡ್ಡು ಬಂದ ಮೇಲೂ ಕೆಲವು ಮಕ್ಕಳು ಕಟ್ಟುವುದಿಲ್ಲ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಸಾಲಗಾರ ಬಾಗಿಲಿಗೆ ಬಂದ, ಆ ದುಡ್ಡು ಹೊರಟುಹೋಗುತ್ತದೆ. ನಾನು ಆ ಮಕ್ಕಳನ್ನು ಬೈಯಲಾರೆ. ಕೋರ್ಸು ಮುಗಿಸಿ ಟಿಸಿ ಕೇಳಲು ಬಂದಾಗ ತಲೆ ತಗ್ಗಿಸಿ ನಿಲ್ಲುತ್ತಾರೆ, ನನಗೂ ನೋಡಲಾಗುವುದಿಲ್ಲ.

ಹಾಗಂತ ಮಕ್ಕಳ ಅಸಲು ಮಾರ್ಕ್ಸ್ ಕಾರ್ಡನ್ನು ಇಟ್ಟುಕೊಳ್ಳುವಂತಿಲ್ಲ. ಯುಜಿಸಿ 2018ರಲ್ಲೇ ಇದನ್ನು ಹೇಳಿದೆ. ಯಾರಾದರೂ ಕೇಳಿದರೆ ಜೆರಾಕ್ಸ್ ಕೊಡಿ, ಅಸಲು ತೋರಿಸಿ ವಾಪಸ್ ತನ್ನಿ.

ಹೈದರಾಬಾದಿನಲ್ಲಿ ಓದುವವನು

ನಮ್ಮದು ಬೀದರ್ ಜಿಲ್ಲೆ. ನಾನು ಎಂಎಸ್ಸಿಗೆ ಹೈದರಾಬಾದಿಗೆ ಬಂದಿದ್ದೇನೆ. ಇಲ್ಲಿಯ ಸರ್ಕಾರಕ್ಕೆ ಅರ್ಜಿ ಹಾಕಬೇಕಾ ಅಥವಾ ಕರ್ನಾಟಕಕ್ಕಾ? ಇಲ್ಲಿ ಕೇಳಿದರೆ ಅಲ್ಲಿ ಕೇಳಿ ಅನ್ನುತ್ತಾರೆ, ಅಲ್ಲಿ ಕೇಳಿದರೆ ಇಲ್ಲಿ.

ಕಾಲೇಜು ಆಫೀಸಿನವನು

ಕರ್ನಾಟಕಕ್ಕೇ ತಮ್ಮಾ. ವಿದ್ಯಾರ್ಥಿ ಯಾವ ರಾಜ್ಯದ ಕಾಯಂ ನಿವಾಸಿಯೋ ಆ ರಾಜ್ಯವೇ ಕೊಡಬೇಕು. ಜಾತಿ ಪ್ರಮಾಣಪತ್ರವೂ ಕರ್ನಾಟಕದ್ದೇ ನಡೆಯುತ್ತದೆ. ನಿಮ್ಮ ಯೂನಿವರ್ಸಿಟಿಯಿಂದ ವ್ಯಾಸಂಗ ಪ್ರಮಾಣಪತ್ರ ಮತ್ತು ಫೀಸಿನ ವಿವರ ತೆಗೆದುಕೊಂಡು ಬೀದರಿನ ಸಮಾಜ ಕಲ್ಯಾಣ ಇಲಾಖೆಗೆ ಒಮ್ಮೆ ನೀವೇ ಹೋಗಿ. ಫೋನಿನಲ್ಲಿ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ.

ಕಾನೂನು ಓದಬೇಕೆಂದಿರುವವಳು

ನಾನು ಬಿಎ ಆದ ಮೇಲೆ ಬಿಎಡ್ ಮಾಡಿದೆ. ಆಗ ಸ್ಕಾಲರ್‌ಶಿಪ್ ಬಂದಿತ್ತು. ಈಗ ಎಲ್‌ಎಲ್‌ಬಿ ಸೇರಬೇಕು ಅಂತಿದ್ದೇನೆ. ಮತ್ತೆ ಬರುತ್ತದಾ? ಮದುವೆ ಆಗಿದೆ, ಗಂಡ ಸಣ್ಣ ಕೆಲಸದಲ್ಲಿದ್ದಾರೆ.

ಕಾಲೇಜು ಆಫೀಸಿನವನು

ಇದನ್ನು ಹೇಳಲು ನನಗೆ ಬೇಸರವಾಗುತ್ತದೆ. ಒಂದು ವೃತ್ತಿಪರ ಕೋರ್ಸು ಮುಗಿಸಿ ಇನ್ನೊಂದು ವೃತ್ತಿಪರ ಕೋರ್ಸಿಗೆ ಸೇರಿದರೆ ಈ ಸ್ಕೀಮಿನಲ್ಲಿ ಸಿಗುವುದಿಲ್ಲ. ಬಿಎಡ್ ಆದ ಮೇಲೆ ಎಲ್‌ಎಲ್‌ಬಿ ಅನ್ನುವುದನ್ನೇ ನಿಯಮದಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಾರೆ. ಬಿಎ ಆದ ಮೇಲೆ ಮತ್ತೆ ಬಿಕಾಂ ಸೇರಿದರೂ ಅಷ್ಟೇ, ಒಂದೇ ಹಂತದ ಎರಡು ಕೋರ್ಸಿಗೆ ಕೊಡುವುದಿಲ್ಲ. ಇನ್ನು ಮದುವೆಯಾದ, ಕೆಲಸದಲ್ಲಿಲ್ಲದ ವಿದ್ಯಾರ್ಥಿನಿಗೆ ಗಂಡನ ಆದಾಯ ನೋಡುತ್ತಾರೆ, ತಂದೆ ತಾಯಿಯದಲ್ಲ. ನಿಮ್ಮ ಊರಿನಲ್ಲಿ ಸರ್ಕಾರಿ ಲಾ ಕಾಲೇಜು ಹತ್ತಿರ ಇದ್ದರೆ ಅಲ್ಲಿ ಪ್ರಯತ್ನಿಸಿ, ಫೀಸು ಕಡಿಮೆ. ಓದುವ ಆಸೆ ಬಿಡಬೇಡಿ.

2ಎ ಹುಡುಗ, ಹಾವೇರಿ

ನಮ್ಮ ಹಿಂದುಳಿದ ವರ್ಗದವರೂ ಇಲ್ಲಿ ಬರೆಯಬಹುದಾ? ನಮಗೂ ಇದೇ ಕಷ್ಟ. ಕೇಂದ್ರದ ಓಬಿಸಿ ಸ್ಕಾಲರ್‌ಶಿಪ್ ಮಿತಿ 1 ಲಕ್ಷ ಇದ್ದದ್ದು ಒಂದೂವರೆ ಆಗಿ ಈಗ 2.5 ಲಕ್ಷ ಆಗಿದೆ. ಆದರೆ ಅರ್ಹರಾದವರಿಗೆಲ್ಲ ಬರುವುದಿಲ್ಲ. ನನಗೆ ನೆರವಾದದ್ದು ರಾಜ್ಯದ ವಿದ್ಯಾಸಿರಿ. ಆಗ ಹಾಸ್ಟೆಲ್ ಸಿಗದವರಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಿದ್ದರು. ಧಾರವಾಡದಲ್ಲಿ ರೂಮು ಮಾಡಿಕೊಂಡು ಮೂವರು ಅದರಲ್ಲೇ ಅಡುಗೆ ಮಾಡಿಕೊಂಡು ಓದಿದೆವು.

ರಾಯಚೂರು ಮೇಷ್ಟ್ರು

ಖಂಡಿತ ಬರೆಯಿರಿ. ವ್ಯತ್ಯಾಸ ಇಷ್ಟು: ಪರಿಶಿಷ್ಟ ಜಾತಿಯವರ ಸ್ಕೀಮಿನಲ್ಲಿ ಅರ್ಹರಾದ ಎಲ್ಲರಿಗೂ ಕೊಡಲೇಬೇಕು. ಓಬಿಸಿ ಸ್ಕೀಮಿನಲ್ಲಿ ಇಟ್ಟಿರುವ ಹಣ ಎಷ್ಟಿದೆಯೋ ಅಷ್ಟು ಜನಕ್ಕೆ ಮಾತ್ರ. ಪರಿಶಿಷ್ಟ ಪಂಗಡದವರದು ಮತ್ತೊಂದು ತರ, ಅಲ್ಲಿ ಕೇಂದ್ರ 75, ರಾಜ್ಯ 25. ಎಸ್‌ಎಸ್‌ಪಿಯಲ್ಲಿ ಎಲ್ಲರೂ ಒಂದೇ ಕಡೆ ಅರ್ಜಿ ಹಾಕುವುದರಿಂದ ಮಕ್ಕಳಿಗೆ ಇದು ಗೊತ್ತಾಗುವುದಿಲ್ಲ. ಒಬ್ಬನಿಗೆ ಬಂತು, ಪಕ್ಕದ ಬೆಂಚಿನವನಿಗೆ ಬರಲಿಲ್ಲ ಅಂತ ಮನಸ್ತಾಪ ಆಗುತ್ತದೆ. ಕ್ಲಾಸಿನಲ್ಲಿ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಹೇಳುತ್ತೇನೆ.

2020ರಲ್ಲಿ ನಿಗದಿ ಮಾಡಿದ ಆ ಐದು ವರ್ಷದ ಹಣದ ಲೆಕ್ಕ 2025-26ರ ತನಕದ್ದು. ಹೊಸ ಲೆಕ್ಕ ಕೂಡಿಸುವಾಗ ನಮ್ಮ ಮಾತು ತಲುಪಬೇಕು. ನನ್ನ ಅಭಿಪ್ರಾಯದಲ್ಲಿ ಮೂರೇ ವಿಷಯ ಸಾಕು. ಮಿತಿ ಏರಿಸಿ. ಬಿಎ, ಬಿಕಾಂ, ಪಿಯುಸಿ ಮಕ್ಕಳ ಭತ್ಯೆ ಏರಿಸಿ. ಮೊದಲ ಸೆಮಿಸ್ಟರ್ ಒಳಗೆ ದುಡ್ಡು ಕೊಡಿ. ನಿಮ್ಮ ಊರಿನ ಶಾಸಕರಿಗೂ ಸಂಸದರಿಗೂ ಒಂದೊಂದು ಪುಟ ಬರೆಯಿರಿ. ನಮ್ಮ ಕಾಲೇಜಿನ ಮಕ್ಕಳು ಪೋಸ್ಟ್ ಕಾರ್ಡ್ ಬರೆಯುತ್ತಿದ್ದಾರೆ, ತಮ್ಮ ಮನೆಯ ಲೆಕ್ಕವನ್ನೇ ಬರೆಯಿರಿ ಅಂತ ಹೇಳಿದ್ದೇನೆ.

ಟೆಂಪೊ ಓಡಿಸುವ ಅಪ್ಪ

ನಾನೂ ಬರೆಯುತ್ತೇನೆ ಮೇಷ್ಟ್ರೇ. ಆ 2,49,600ರ ಲೆಕ್ಕವನ್ನೇ ಬರೆಯುತ್ತೇನೆ.

ಚಾಮರಾಜನಗರದ ಅಕ್ಕ

ಮೂರು ವಾರ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ನಾಡಕಚೇರಿಗೆ ಎರಡು ಸಲ ಹೋದೆ. ಮೊದಲ ದಿನ ಆಗುವುದಿಲ್ಲ ಅಂದರು. ಎರಡನೇ ದಿನ ಅಪ್ಪನನ್ನೂ ಕರೆದುಕೊಂಡು ಹೋದೆ, ತಂದೆ ತಾಯಿಯ ಆದಾಯ ಮಾತ್ರ ನೋಡಬೇಕು ಅನ್ನುವ ನಿಯಮದ ಪುಟವನ್ನು ಪ್ರಿಂಟ್ ಹಾಕಿಸಿ ತೋರಿಸಿದೆ. ಗ್ರಾಮ ಆಡಳಿತಾಧಿಕಾರಿ ಅದನ್ನು ಎರಡು ಸಲ ಓದಿದರು. "ಇದು ನನಗೆ ಗೊತ್ತಿರಲಿಲ್ಲಮ್ಮ" ಅಂತ ನೇರವಾಗಿ ಹೇಳಿದರು. ನನಗೆ ಅವರ ಮೇಲೆ ಗೌರವ ಬಂತು. ಎಂಟು ದಿನಕ್ಕೆ ಹೊಸ ಸರ್ಟಿಫಿಕೇಟು ಬಂತು. ಆದಾಯ 1,32,000.

ಕಾಲೇಜಿಗೆ ನಾನೇ ಹೋದೆ. ಆಫೀಸಿನವರು ಫ್ರೀಶಿಪ್ ಅಂದರೆ ಏನು ಅಂತ ಕೇಳಿದರು. ಪ್ರಿನ್ಸಿಪಾಲರು ಅರ್ಧ ಗಂಟೆ ಕೂರಿಸಿಕೊಂಡು ಮಾತಾಡಿದರು. ಪೂರ್ತಿ ಒಪ್ಪಲಿಲ್ಲ. ಪರೀಕ್ಷಾ ಶುಲ್ಕ ಈಗಲೇ ಕಟ್ಟಿ, ಬೋಧನಾ ಶುಲ್ಕಕ್ಕೆ ಮುಚ್ಚಳಿಕೆ ಪತ್ರ ಬರೆದುಕೊಡಿ ಅಂದರು. ಬರೆದುಕೊಟ್ಟೆವು. ಹಾಲ್ ಟಿಕೆಟ್ ಕೊಟ್ಟಿದ್ದಾರೆ. ತಮ್ಮ ನಾಡಿದ್ದಿನಿಂದ ಪರೀಕ್ಷೆ ಬರೆಯುತ್ತಾನೆ.

ಹೋದ ವರ್ಷದ 60 ಭಾಗ ಇನ್ನೂ ಬಂದಿಲ್ಲ. ಅಮ್ಮನ ಓಲೆ ಇನ್ನೂ ಅಂಗಡಿಯಲ್ಲೇ ಇದೆ. ಅಮ್ಮ ಕಿವಿಗೆ ಬೇವಿನ ಕಡ್ಡಿ ಹಾಕಿಕೊಂಡಿದ್ದಾರೆ, ತೂತು ಮುಚ್ಚಬಾರದು ಅಂತ.

ನರ್ಸಿಂಗ್ ಎರಡನೇ ವರ್ಷ

ಅಕ್ಕ, ಆ ಮುಚ್ಚಳಿಕೆ ಪತ್ರದಲ್ಲಿ ಏನು ಬರೆದಿರಿ? ದಯವಿಟ್ಟು ಹಾಗೇ ಇಲ್ಲಿ ಹಾಕಿ. ನಮ್ಮ ಕ್ಲಾಸಿನಲ್ಲಿ ಹನ್ನೆರಡು ಜನಕ್ಕೆ ಬೇಕು.

ಚಾಮರಾಜನಗರದ ಅಕ್ಕ

ಹಾಕುತ್ತೇನೆ. ಹೆಸರು, ರಿಜಿಸ್ಟರ್ ನಂಬರ್, ಮೊತ್ತ ನಿಮ್ಮದು ತುಂಬಿಸಿಕೊಳ್ಳಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

"ಮಾನ್ಯ ಪ್ರಾಂಶುಪಾಲರಿಗೆ. ನಾನು ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಿರುತ್ತೇನೆ. ಅರ್ಜಿಯ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಪ್ರತಿ, ಆಧಾರ್ ಜೋಡಣೆಯ ಪ್ರತಿ ಲಗತ್ತಿಸಿದ್ದೇನೆ. ಈ ಯೋಜನೆಯ ಮಾರ್ಗಸೂಚಿಯಂತೆ ನನ್ನಿಂದ ಬೋಧನಾ ಶುಲ್ಕವನ್ನು ಮುಂಗಡವಾಗಿ ಪಡೆಯದೆ ತರಗತಿಗೆ ಮತ್ತು ಪರೀಕ್ಷೆಗೆ ಅವಕಾಶ ನೀಡಬೇಕೆಂದು ಕೋರುತ್ತೇನೆ. ರಾಜ್ಯದ ಪಾಲು ಮತ್ತು ಕೇಂದ್ರದ ಪಾಲು ನನ್ನ ಖಾತೆಗೆ ಜಮಾ ಆದ ಕೂಡಲೇ, ಬೋಧನಾ ಶುಲ್ಕವೆಂದು ಬಂದ ಮೊತ್ತವನ್ನು ಕಾಲೇಜಿಗೆ ಕಟ್ಟಿ ರಸೀದಿ ಪಡೆಯುತ್ತೇನೆ. ಜಮಾ ಆಗುವುದು ತಡವಾದರೆ ಅದಕ್ಕಾಗಿ ನನ್ನ ಹಾಲ್ ಟಿಕೆಟ್ ಅಥವಾ ಅಂಕಪಟ್ಟಿಯನ್ನು ತಡೆಹಿಡಿಯಬಾರದೆಂದು ವಿನಂತಿಸುತ್ತೇನೆ. ವಿದ್ಯಾರ್ಥಿಯ ಸಹಿ. ಪೋಷಕರ ಸಹಿ ಅಥವಾ ಹೆಬ್ಬೆಟ್ಟು."